ಗುರುತು ಬರೆಯುವವರು ಯಾರು: ಆಫ್ರಿಕನ್ ಅಮೆರಿಕನ್ ಕಲೆಯೊಳಗಿನ ಒಂದು ದೀರ್ಘ ವಾಗ್ವಾದ

1968ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಬಾಡಿಗೆಗೆ ಹಿಡಿದ ಒಂದು ಮಹಡಿಯ ಮೇಲೆ ಸ್ಟುಡಿಯೋ ಮ್ಯೂಸಿಯಂ ಬಾಗಿಲು ತೆರೆಯಿತು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಕಪ್ಪು ಕಲಾವಿದರಿಗೆಂದೇ ಹುಟ್ಟಿದ ಈ ಸಂಸ್ಥೆಯ ಮೊದಲ ಪ್ರದರ್ಶನದಲ್ಲಿ ಬಿಗಿದ ಮುಷ್ಟಿಗಳನ್ನೋ ಹೋರಾಟದ ಮುಖಗಳನ್ನೋ ನಿರೀಕ್ಷಿಸಿ ಬಂದವರಿಗೆ ಕಂಡದ್ದೇ ಬೇರೆ. ಟಾಮ್ ಲಾಯ್ಡ್ ಎಂಬ ಕಲಾವಿದ ಅಲ್ಯುಮಿನಿಯಂ, ಬಣ್ಣದ ಪ್ಲಾಸ್ಟಿಕ್ ಮತ್ತು ಬಲ್ಬುಗಳಿಂದ ಕಟ್ಟಿದ್ದ ವಿದ್ಯುತ್ ಶಿಲ್ಪಗಳು ತಮ್ಮದೇ ಲಯದಲ್ಲಿ ಹೊತ್ತಿ ಆರುತ್ತಿದ್ದವು. ಇದರಲ್ಲಿ ಕಪ್ಪು ಜನರ ಬದುಕೆಲ್ಲಿದೆ ಎಂಬ ಆಕ್ಷೇಪ ಕೂಡಲೇ ಎದ್ದಿತು. ಐವತ್ತೇಳು ವರ್ಷಗಳ ನಂತರ, 2025ರ ನವೆಂಬರ್‌ನಲ್ಲಿ, ಅದೇ ಮ್ಯೂಸಿಯಂ 125ನೇ ಬೀದಿಯ ತನ್ನ ಹೊಸ ಕಟ್ಟಡವನ್ನು ತೆರೆದಾಗ ಆರಂಭದ ಪ್ರದರ್ಶನಗಳಲ್ಲಿ ಒಂದನ್ನು ಲಾಯ್ಡ್ ಅವರಿಗೇ ಮೀಸಲಿಟ್ಟಿತು.

ಆಫ್ರಿಕನ್ ಅಮೆರಿಕನ್ ಕಲೆಯ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ಹೇಳಿ ಮುಗಿಸುವುದುಂಟು: ಅರುವತ್ತು-ಎಪ್ಪತ್ತರ ದಶಕದ ಜನಾಂಗೀಯ ಅಭಿಮಾನ, ಎಂಬತ್ತು-ತೊಂಬತ್ತರ ಅಸ್ಮಿತೆಯ ರಾಜಕಾರಣ, 2001ರ ನಂತರ ಎರಡನ್ನೂ ದಾಟಿದ ಸ್ವಾತಂತ್ರ್ಯ. ಲಾಯ್ಡ್ ಅವರ ಬಲ್ಬುಗಳು ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಮೂರನೆಯ ಮೆಟ್ಟಿಲಿನಲ್ಲಿ ಸಿಕ್ಕಿತೆನ್ನುವ ಸ್ವಾತಂತ್ರ್ಯಕ್ಕಾಗಿ ಮೊದಲನೆಯದರಲ್ಲೇ ಜಗಳ ನಡೆದಿತ್ತು. ಮೊದಲನೆಯದರಲ್ಲೇ ಬಿಟ್ಟುಬಂದರೆನ್ನುವ ಕಪ್ಪು ಮುಖ ಮೂರನೆಯದರಲ್ಲಿ ಇನ್ನೂ ದೊಡ್ಡ ಕ್ಯಾನ್ವಾಸಿನ ಮೇಲೆ ಮರಳಿ ಬಂತು. ಉದ್ದಕ್ಕೂ ಬದಲಾಗದೆ ಉಳಿದದ್ದು ಒಂದೇ ಪ್ರಶ್ನೆ: ಒಬ್ಬ ಮನುಷ್ಯನ ಜನಾಂಗವನ್ನು ಬರೆಯುವ ಅಧಿಕಾರ ಯಾರದು? ಸರ್ಕಾರದ್ದೋ, ಮ್ಯೂಸಿಯಂನದ್ದೋ, ಮಾರುಕಟ್ಟೆಯದ್ದೋ, ಸ್ವಂತ ಸಮುದಾಯದ್ದೋ, ಅಥವಾ ಸ್ವತಃ ಅವನದ್ದೋ?

ಸರ್ಕಾರಿ ಕಾಗದದಿಂದಲೇ ಆರಂಭಿಸಬಹುದು. ಅಮೆರಿಕದ ಜನಗಣತಿಯಲ್ಲಿ 1850ರಲ್ಲಿ ಮಿಶ್ರ ಸಂತಾನದವರಿಗೆ ‘ಮುಲಾಟೊ’ ಎಂಬ ವರ್ಗ ಸೇರಿತು. 1890ರಲ್ಲಿ ರಕ್ತವನ್ನು ಪಾಲು ಹಾಕಿ, ಕಾಲು ಭಾಗದವರಿಗೆ ‘ಕ್ವಾಡ್ರೂನ್’, ಎಂಟನೇ ಒಂದು ಭಾಗದವರಿಗೆ ‘ಆಕ್ಟೊರೂನ್’ ಎಂದು ಹೆಸರಿಟ್ಟರು. 1924ರಲ್ಲಿ ವರ್ಜೀನಿಯಾ ರಾಜ್ಯದ ಕಾನೂನು ಒಂದು ಹನಿ ಕಪ್ಪು ರಕ್ತವಿದ್ದರೂ ಆತ ಬಿಳಿಯನಲ್ಲ ಎಂದು ಸಾರಿತು. 1930ರ ಗಣತಿಯೂ ಅದೇ ದಾರಿ ಹಿಡಿಯಿತು. 1960ಕ್ಕೆ ಮುಂಚೆ ಗಣತಿದಾರ ಮನೆ ಬಾಗಿಲಲ್ಲಿ ನಿಂತು ತನಗೆ ತೋಚಿದ್ದನ್ನು ಬರೆದುಕೊಂಡು ಹೋಗುತ್ತಿದ್ದ. ಒಬ್ಬರು ಒಂದಕ್ಕಿಂತ ಹೆಚ್ಚು ಜನಾಂಗಗಳನ್ನು ಗುರುತು ಮಾಡಲು ಅವಕಾಶ ಸಿಕ್ಕಿದ್ದು 2000ದಲ್ಲಿ. ಆ ವರ್ಷ ಸುಮಾರು 68 ಲಕ್ಷ ಜನ ಹಾಗೆ ಮಾಡಿದರು.

ಈ ಕಾಗದಗಳನ್ನೇ ಕಲೆಯಾಗಿಸಿದವರು ಏಡ್ರಿಯನ್ ಪೈಪರ್. ಹಾರ್ವರ್ಡ್‌ನಿಂದ ತತ್ವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಈ ಕಲಾವಿದೆ ನೋಡಲು ಬಿಳಿಯರಂತೆಯೇ ಇದ್ದಾರೆ. ಅವರ 1988ರ ‘ಕಾರ್ನರ್ಡ್’ ಕೃತಿಯಲ್ಲಿ ಕೋಣೆಯ ಮೂಲೆಯಲ್ಲಿ ಒಂದು ಟೀವಿ, ಅದರ ಮುಂದೆ ಮಗುಚಿ ಹಾಕಿದ ಮೇಜು. ಎರಡೂ ಪಕ್ಕದ ಗೋಡೆಗಳಲ್ಲಿ ಚೌಕಟ್ಟು ಹಾಕಿದ ಎರಡು ಜನನ ಪ್ರಮಾಣಪತ್ರಗಳು. ಎರಡೂ ಪೈಪರ್ ಅವರ ತಂದೆಯವೇ. ಒಂದು ಅವರನ್ನು ಬಿಳಿಯ ಎನ್ನುತ್ತದೆ, ಇನ್ನೊಂದು ಆಕ್ಟೊರೂನ್ ಎನ್ನುತ್ತದೆ. ಟೀವಿಯಲ್ಲಿ ಮುತ್ತಿನ ಹಾರ ಹಾಕಿಕೊಂಡು ಅಚ್ಚುಕಟ್ಟಾಗಿ ಕುಳಿತ ಪೈಪರ್, ತಾನು ಕಪ್ಪು ಹೆಂಗಸು ಎಂದು ಸಮಾಧಾನದಿಂದ ತಿಳಿಸುತ್ತಾರೆ. ಅಮೆರಿಕದ ವಂಶಾವಳಿಯನ್ನು ನೋಡಿದರೆ, ಬಿಳಿಯರೆಂದುಕೊಂಡು ಎದುರು ಕುಳಿತವರಲ್ಲೂ ಅನೇಕರಿಗೆ ಆಫ್ರಿಕನ್ ಪೂರ್ವಿಕರು ಇರಬಹುದು ಎನ್ನುತ್ತಾರೆ. ಈಗ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಇದೇ ಪೈಪರ್ 2012ರಲ್ಲಿ, ತಮ್ಮ 64ನೇ ಹುಟ್ಟುಹಬ್ಬದಂದು, ಕಪ್ಪು ಗುರುತಿನಿಂದ ನಿವೃತ್ತಿಯಾಗುತ್ತಿದ್ದೇನೆ ಎಂದು ಪ್ರಕಟಿಸಿದರು. ಇದನ್ನು ಒಬ್ಬರ ವಿಚಿತ್ರ ನಡೆ ಎಂದು ತಳ್ಳಿಹಾಕುವುದು ಸರಿಯಲ್ಲ. ಕಚೇರಿಯೊಂದು ಬರೆದು ಕೊಟ್ಟ ಗುರುತಾದರೆ ಅದಕ್ಕೆ ರಾಜೀನಾಮೆ ಕೊಡಬಹುದೇ ಎಂಬ, ‘ಕಾರ್ನರ್ಡ್’ನಲ್ಲೇ ಹುದುಗಿದ್ದ ತರ್ಕವನ್ನು ಅವರು ಅದರ ಕೊನೆಯ ತನಕ ಒಯ್ದರು.

ಕಲಾವಿದ ತನ್ನ ಜನಾಂಗವನ್ನು ಪ್ರತಿನಿಧಿಸಬೇಕೆಂಬ ಒತ್ತಾಯಕ್ಕೆ ಇನ್ನೂ ಹಳೆಯ ಇತಿಹಾಸವಿದೆ. 1925ರಲ್ಲಿ ಚಿಂತಕ ಅಲೇನ್ ಲಾಕ್ ‘ದಿ ನ್ಯೂ ನೀಗ್ರೋ’ ಸಂಕಲನವನ್ನು ಸಂಪಾದಿಸಿ, ಕಪ್ಪು ಕಲಾವಿದರು ಆಫ್ರಿಕದ ಶಿಲ್ಪಗಳನ್ನು ತಮ್ಮ ಪರಂಪರೆಯಾಗಿ ಕಾಣಬೇಕೆಂದು ಕರೆಕೊಟ್ಟರು. ಆ ಕರೆಯಿಂದ ಒಳ್ಳೆಯ ಕೃತಿಗಳು ಹುಟ್ಟಿದ್ದು ನಿಜ. ಅದರ ಜೊತೆಗೇ, ಕಪ್ಪು ಕಲೆ ಕಣ್ಣಿಗೆ ಕಪ್ಪಾಗಿಯೇ ಕಾಣಬೇಕೆಂಬ ಕಟ್ಟಳೆಯೂ ಬೇರೂರಿತು. 1963ರ ಜುಲೈನಲ್ಲಿ ರೊಮಾರ್ ಬೇರ್ಡನ್, ನಾರ್ಮನ್ ಲೂಯಿಸ್, ಹೇಲ್ ವುಡ್ರಫ್ ಮೊದಲಾದವರು ನ್ಯೂಯಾರ್ಕಿನಲ್ಲಿ ‘ಸ್ಪೈರಲ್’ ಎಂಬ ಕೂಟ ಕಟ್ಟಿಕೊಂಡಾಗ ಚರ್ಚೆಗೆ ಬಂದದ್ದು ಇದೇ. ನಾಗರಿಕ ಹಕ್ಕುಗಳ ಚಳವಳಿಯ ನಡುವೆ ಚಿತ್ರಕಾರನ ಕೆಲಸವೇನು? ನೀಗ್ರೋ ಕಲೆ ಎಂಬುದೊಂದು ಇದೆಯೇ? ಬೇರ್ಡನ್ ಎಲ್ಲರೂ ಸೇರಿ ಒಂದು ಕೊಲಾಜ್ ಮಾಡೋಣ ಎಂದರು, ಯಾರೂ ಕೈಜೋಡಿಸಲಿಲ್ಲ. ಅವರೊಬ್ಬರೇ ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸುತ್ತಾ ಹೋದರು. ಅವರಿಗೆ ಹೆಸರು ತಂದ ಶೈಲಿ ಅಲ್ಲಿಂದಲೇ ಬಂತು. ಲೂಯಿಸ್ ಅಮೂರ್ತ ಕಲೆಯನ್ನು ಬಿಡಲಿಲ್ಲ. 1965ರಲ್ಲಿ ಕೂಟದ ಪ್ರದರ್ಶನಕ್ಕೆ ಅವರೆಲ್ಲ ಒಪ್ಪಿದ ಏಕೈಕ ನಿಯಮವೆಂದರೆ, ಕೃತಿಗಳು ಕಪ್ಪು-ಬಿಳುಪಿನಲ್ಲಿರಬೇಕು.

ಅದೇ ಹೊತ್ತಿಗೆ ದೊಡ್ಡ ಮ್ಯೂಸಿಯಂಗಳ ಬಾಗಿಲು ಬಡಿಯುವ ಕೆಲಸವೂ ನಡೆದಿತ್ತು. 1969ರಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಬಗ್ಗೆ ದೊಡ್ಡ ಪ್ರದರ್ಶನವೊಂದನ್ನು ಏರ್ಪಡಿಸಿತು. ಅದರಲ್ಲಿ ಫೋಟೋಗಳಿದ್ದವು, ಧ್ವನಿಮುದ್ರಣಗಳಿದ್ದವು. ಹಾರ್ಲೆಮ್‌ನ ಒಬ್ಬ ಚಿತ್ರಕಾರನೂ ಇರಲಿಲ್ಲ. ಚಿತ್ರಕಾರ ಬೆನ್ನಿ ಆಂಡ್ರೂಸ್ ಮತ್ತು ಸಂಗಾತಿಗಳು ಮ್ಯೂಸಿಯಂ ಮುಂದೆ ಫಲಕ ಹಿಡಿದು ನಿಂತರು. 1971ರಲ್ಲಿ ವಿಟ್ನಿ ಮ್ಯೂಸಿಯಂ ಕಪ್ಪು ಕಲಾವಿದರ ಪ್ರದರ್ಶನಕ್ಕೆ ಕಪ್ಪು ಕ್ಯುರೇಟರನ್ನು ನೇಮಿಸಲಿಲ್ಲವೆಂದು 15 ಕಲಾವಿದರು ತಮ್ಮ ಕೃತಿಗಳನ್ನು ಹಿಂತೆಗೆದುಕೊಂಡರು.

ಈ ಕಾವಿನಲ್ಲೇ 1972ರಲ್ಲಿ ಕ್ಯಾಲಿಫೋರ್ನಿಯಾದ ಬೆಟಿ ಸಾರ್ ಸುಮಾರು ಒಂದು ಅಡಿ ಎತ್ತರದ ಪೆಟ್ಟಿಗೆಯೊಂದನ್ನು ಮಾಡಿದರು: ‘ದಿ ಲಿಬರೇಶನ್ ಆಫ್ ಆಂಟ್ ಜೆಮೈಮಾ’. ಬಿಳಿಯರ ಮನೆಯಲ್ಲಿ ದುಡಿಯುವ, ತಲೆಗೆ ಬಟ್ಟೆ ಕಟ್ಟಿದ, ಸದಾ ನಗುವ ಕಪ್ಪು ಅಡುಗೆಯವಳ ಗೊಂಬೆ ಅದರೊಳಗಿದೆ. ಹಿನ್ನೆಲೆಯಲ್ಲಿ ಅದೇ ಹೆಸರಿನ ಪ್ಯಾನ್‌ಕೇಕ್ ಹಿಟ್ಟಿನ ಲೇಬಲ್ಲುಗಳು ಸಾಲುಸಾಲಾಗಿವೆ. ಗೊಂಬೆಯ ಒಂದು ಕೈಯಲ್ಲಿ ಪೊರಕೆ ಹಾಗೇ ಇದೆ; ಇನ್ನೊಂದು ಕೈಗೆ ಸಾರ್ ಬಂದೂಕು ಕೊಟ್ಟರು. ಅವಮಾನದ ಚಿತ್ರವನ್ನು ಎಸೆಯುವ ಬದಲು ಅದರ ಕೈಗೆ ಆಯುಧ ಕೊಡಬಹುದು ಎಂಬ ಈ ಉಪಾಯ ಮುಂದಿನ ಎರಡು ತಲೆಮಾರುಗಳಿಗೆ ದಾರಿಯಾಯಿತು. ಪ್ಯಾನ್‌ಕೇಕ್ ಹಿಟ್ಟಿನ ಕಂಪನಿ ಆ ಹೆಸರನ್ನೂ ಮುಖವನ್ನೂ ಕೈಬಿಡುವುದಾಗಿ ಹೇಳಿದ್ದು 2020ರಲ್ಲಿ.

ಫ್ರೆಡ್ ವಿಲ್ಸನ್ ಆಯುಧ ಕೊಡಲಿಲ್ಲ, ಇದ್ದ ವಸ್ತುಗಳ ಜಾಗ ಬದಲಿಸಿದರು. 1992ರಲ್ಲಿ ಬಾಲ್ಟಿಮೋರ್‌ನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿ ತನ್ನ ಉಗ್ರಾಣವನ್ನು ಅವರಿಗೆ ತೆರೆದಿಟ್ಟಿತು. ‘ಲೋಹದ ಕೆಲಸ’ ಎಂಬ ತಣ್ಣನೆಯ ಶೀರ್ಷಿಕೆಯಡಿ ಅವರು ಒಂದು ಗಾಜಿನ ಪೆಟ್ಟಿಗೆಯಲ್ಲಿ ನಕಾಶಿ ಕೆತ್ತಿದ ಬೆಳ್ಳಿ ಹೂಜಿಗಳನ್ನೂ ಬಟ್ಟಲುಗಳನ್ನೂ ಇಟ್ಟು, ಅವುಗಳ ನಡುವೆ ಗುಲಾಮರಿಗೆ ತೊಡಿಸುತ್ತಿದ್ದ ಕಬ್ಬಿಣದ ಬೇಡಿಯೊಂದನ್ನು ಇಟ್ಟರು. ಬೆಳ್ಳಿ ಫಳಫಳ ಹೊಳೆಯುತ್ತದೆ, ಕಬ್ಬಿಣ ಮಂಕಾಗಿ ಕೂತಿದೆ. ಎರಡೂ ಅದೇ ಸಂಸ್ಥೆಯ ಸಂಗ್ರಹದವು. ಅಲ್ಲಿಯವರೆಗೆ ಅವುಗಳನ್ನು ಯಾರೂ ಒಟ್ಟಿಗೆ ಇಟ್ಟಿರಲಿಲ್ಲ. ಇನ್ನೊಂದು ಕಡೆ, ಮನುಷ್ಯರನ್ನು ಕಟ್ಟಿ ಚಾಟಿಯಲ್ಲಿ ಹೊಡೆಯುತ್ತಿದ್ದ ಮರದ ಕಂಬದ ಎದುರು ಶ್ರೀಮಂತರ ಕುಸುರಿ ಕುರ್ಚಿಗಳನ್ನು ಪ್ರೇಕ್ಷಕರು ಕೂರುವಂತೆ ಸಾಲಾಗಿ ಜೋಡಿಸಿದರು. ಕಲಾವಿದನ ಕೈಯಿಂದ ಹೊಸದಾಗಿ ತಯಾರಾದದ್ದು ಹೆಚ್ಚೇನೂ ಇಲ್ಲದ ಈ ‘ಮೈನಿಂಗ್ ದಿ ಮ್ಯೂಸಿಯಂ’ ಆ ದಶಕದ ಅತ್ಯಂತ ತೀಕ್ಷ್ಣ ಕೃತಿಗಳಲ್ಲಿ ಒಂದು. ಬಿಳಿಯ ಗುರುತೂ ಒಂದು ಕಟ್ಟೋಣವೇ, ಅದರ ಅಡಿಪಾಯದಲ್ಲಿ ಯಾರಿದ್ದಾರೆ ಎಂಬುದನ್ನು ಅದು ಕಣ್ಣೆದುರು ಇಟ್ಟಿತು.

ಮರುವರ್ಷ ಗ್ಲೆನ್ ಲೈಗನ್ ಹತ್ತು ಶಿಲಾಮುದ್ರಣಗಳ ‘ರನ್‌ಅವೇಸ್’ ಸರಣಿ ಮಾಡಿದರು. ತಾನು ಕಾಣೆಯಾದರೆ ಪೊಲೀಸರ ಮುಂದೆ ಹೇಗೆ ವರ್ಣಿಸುತ್ತೀರಿ ಎಂದು ಗೆಳೆಯರನ್ನು ಕೇಳಿದ ಅವರು, ಬಂದ ಉತ್ತರಗಳನ್ನು 19ನೇ ಶತಮಾನದಲ್ಲಿ ಓಡಿಹೋದ ಗುಲಾಮರಿಗಾಗಿ ಹಾಕುತ್ತಿದ್ದ ಜಾಹೀರಾತಿನ ಅಚ್ಚಿನಲ್ಲೇ ಮುದ್ರಿಸಿದರು. ಎತ್ತರ, ಮೈಬಣ್ಣ, ಕನ್ನಡಕ, ನಡಿಗೆಯ ರೀತಿ. ಒಬ್ಬರು ಕಂಡ ಲೈಗನ್ ಇನ್ನೊಬ್ಬರಿಗೆ ಕಂಡಿಲ್ಲ. ಪ್ರೀತಿಸುವವರ ಮಾತೂ ಯಜಮಾನನ ಜಾಹೀರಾತಿನ ಧಾಟಿಗೆ ಸಲೀಸಾಗಿ ಇಳಿದುಬಿಡುತ್ತದೆ.

ಇದೇ ಲೈಗನ್ ಮತ್ತು ಕ್ಯುರೇಟರ್ ಥೆಲ್ಮಾ ಗೋಲ್ಡನ್ ಅವರ ಮಾತುಕತೆಗಳಲ್ಲಿ ‘ಪೋಸ್ಟ್-ಬ್ಲ್ಯಾಕ್’ ಎಂಬ ಪದ ಹುಟ್ಟಿತು. 2001ರಲ್ಲಿ ಸ್ಟುಡಿಯೋ ಮ್ಯೂಸಿಯಂನಲ್ಲಿ ಗೋಲ್ಡನ್ 28 ಯುವ ಕಲಾವಿದರ ‘ಫ್ರೀಸ್ಟೈಲ್’ ಪ್ರದರ್ಶನ ಏರ್ಪಡಿಸಿದಾಗ ಆ ಪದ ಊರೆಲ್ಲ ಹಬ್ಬಿತು. ಕಪ್ಪು ಕಲಾವಿದ ಎಂಬ ಹಣೆಪಟ್ಟಿ ಬೇಡ, ಆದರೆ ಕಪ್ಪು ಬದುಕಿನ ಅರ್ಥವನ್ನು ಕೆದಕುವುದನ್ನು ಬಿಡುವುದಿಲ್ಲ ಎಂಬುದು ಈ ಕಲಾವಿದರ ನಿಲುವಾಗಿತ್ತು. ಜನಾಂಗವನ್ನೇ ಮರೆತ ಕಲೆ ಎಂದು ಹಲವರು ಅದನ್ನು ತಪ್ಪಾಗಿ ಓದಿದರು. ಆ ಪ್ರದರ್ಶನದಿಂದ ಬೆಳಕಿಗೆ ಬಂದ ಮಾರ್ಕ್ ಬ್ರಾಡ್‌ಫೋರ್ಡ್ ಅವರನ್ನೇ ನೋಡಬಹುದು. ಲಾಸ್ ಏಂಜಲಿಸ್‌ನಲ್ಲಿ ತಾಯಿಯ ಬ್ಯೂಟಿ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದ ಅವರು, ಗಿರಾಕಿಗಳ ಕೂದಲ ತುದಿಗೆ ಸುತ್ತುವ ತೆಳು ಕಾಗದಗಳ ಅಂಚನ್ನು ಸುಟ್ಟು, ಕ್ಯಾನ್ವಾಸಿನ ಮೇಲೆ ಸಾಲಾಗಿ ಅಂಟಿಸಿದರು. ದೂರದಿಂದ ಶುದ್ಧ ಅಮೂರ್ತ ಚಿತ್ರ. ಹತ್ತಿರ ಹೋದರೆ ಕಪ್ಪು ಹೆಂಗಸರ ಪಾರ್ಲರು. 2000ದ ಒಂದು ಕೃತಿಗೆ ಅವರು ಇಟ್ಟ ‘ಎಂಟರ್ ಆಂಡ್ ಎಗ್ಸಿಟ್ ದಿ ನ್ಯೂ ನೀಗ್ರೋ’ ಎಂಬ ಹೆಸರು ಸೀದಾ ಅಲೇನ್ ಲಾಕ್ ಅವರ ಪುಸ್ತಕವನ್ನು ನೆನಪಿಸುತ್ತದೆ.

ಹೊಸ ತಲೆಮಾರಿಗೆ ಹಿರಿಯರ ಆಶೀರ್ವಾದವೇನೂ ಸುಲಭಕ್ಕೆ ಸಿಗಲಿಲ್ಲ. ಕಾರಾ ವಾಕರ್ ಕಪ್ಪು ಕಾಗದ ಕತ್ತರಿಸಿ ಗುಲಾಮಗಿರಿಯ ಕಾಲದ ಕ್ರೌರ್ಯ ಮತ್ತು ಕಾಮದ ದೃಶ್ಯಗಳನ್ನು ಗೋಡೆಯುದ್ದಕ್ಕೂ ಛಾಯಾಕೃತಿಗಳಾಗಿ ಅಂಟಿಸಿದರು. 1997ರಲ್ಲಿ 27ನೇ ವಯಸ್ಸಿಗೇ ಅವರಿಗೆ ಮೆಕಾರ್ಥರ್ ಫೆಲೋಶಿಪ್ ಬಂದಾಗ, ಇವು ಬಿಳಿಯರ ಮನರಂಜನೆಗೆ ಮಾಡಿದ ಅವಮಾನದ ಚಿತ್ರಗಳು ಎಂದು ನೂರಾರು ಪತ್ರ ಬರೆದು ವಿರೋಧ ಸಂಘಟಿಸಿದವರು ಬೆಟಿ ಸಾರ್. ಸಾರ್ ಅವರ ಸಿಟ್ಟನ್ನು ಅಸೂಯೆ ಎಂದು ಕರೆಯುವುದು ಅನ್ಯಾಯ. ಅವರ ಗೊಂಬೆಯ ಕೈಯಲ್ಲಿ ಬಂದೂಕಿತ್ತು. ವಾಕರ್ ಅವರ ಆಕೃತಿಗಳಲ್ಲಿ ಯಾರು ಗೆದ್ದರು, ಯಾರು ಸೋತರು ಎಂದು ಹೇಳುವಂತಿಲ್ಲ. ವಾಕರ್ ಅವರ ಬಲವೂ ಅಲ್ಲೇ ಇದೆ.

ಕೆರಿ ಜೇಮ್ಸ್ ಮಾರ್ಷಲ್ ಇನ್ನೊಂದು ದಿಕ್ಕಿನಲ್ಲಿ ನಡೆದರು. ಅವರ 1980ರ ಸ್ವಚಿತ್ರ ಒಂದು ಪುಸ್ತಕದಷ್ಟೇ ದೊಡ್ಡದು: ಕಪ್ಪು ಹಿನ್ನೆಲೆ, ಕಪ್ಪು ಕೋಟು, ಕಪ್ಪು ಮುಖ, ಎದ್ದು ಕಾಣುವುದು ಕಣ್ಣಿನ ಬಿಳುಪು ಮತ್ತು ನಡುವೆ ಸಂದಿಬಿಟ್ಟ ಹಲ್ಲುಗಳು. ಅಲ್ಲಿಂದ ಮುಂದೆ ಕಪ್ಪೇ ಅವರ ಸಂಶೋಧನೆಯ ವಿಷಯವಾಯಿತು. ಮೂಳೆ ಸುಟ್ಟು ಮಾಡುವ ಕಪ್ಪು, ಇದ್ದಿಲಿನ ಕಪ್ಪು, ಕಬ್ಬಿಣದ ಆಕ್ಸೈಡಿನ ಕಪ್ಪು, ಇವಕ್ಕೆ ನೀಲಿಯನ್ನೋ ಹಸಿರನ್ನೋ ಬೆರೆಸಿ, ಚರ್ಮದ ಮೇಲಿನ ನೆರಳು-ಬೆಳಕನ್ನು ಕಪ್ಪಿನೊಳಗೇ ಬಿಡಿಸಿದರು. ಅಮಾವಾಸ್ಯೆ ರಾತ್ರಿ ಹಿತ್ತಲಿಗೆ ಇಳಿದವರಿಗೆ ಕಣ್ಣು ಪಳಗಿದಂತೆ ಬಾವಿಕಟ್ಟೆ, ಬಾಳೆಗಿಡ ಒಂದೊಂದಾಗಿ ಕಾಣತೊಡಗುವ ಹಾಗೆ, ಅವರ ಚಿತ್ರಗಳ ಮುಂದೆ ನಿಂತವರಿಗೆ ನಿಧಾನವಾಗಿ ಕೆನ್ನೆ, ಕತ್ತು, ಬೆರಳುಗಳು ತೆರೆದುಕೊಳ್ಳುತ್ತವೆ. ಕ್ಷೌರದಂಗಡಿ, ಕೆರೆದಂಡೆಯ ವಿಹಾರದಂಥ ದಿನನಿತ್ಯದ ಸಂಗತಿಗಳನ್ನು ಅವರು ಯುರೋಪಿನ ರಾಜಮನೆತನದ ಚಿತ್ರಗಳ ಅಳತೆಗೆ ಏರಿಸಿದರು. 1997ರಲ್ಲಿ ಶಿಕಾಗೊದ ಒಂದು ಸಾರ್ವಜನಿಕ ಸಂಸ್ಥೆ 25,000 ಡಾಲರಿಗೆ ಕೊಂಡ ‘ಪಾಸ್ಟ್ ಟೈಮ್ಸ್’ 2018ರ ಹರಾಜಿನಲ್ಲಿ 2.11 ಕೋಟಿ ಡಾಲರಿಗೆ ಹೋಯಿತು. ಗುರುತಿಗೆ ಬೆಲೆ ಕಟ್ಟುವವರ ಸಾಲಿನಲ್ಲಿ ಹರಾಜು ಕಟ್ಟೆಯೂ ಈಗ ಸೇರಿದೆ, ಆ ಹಣದಲ್ಲಿ ಕಲಾವಿದನಿಗೆ ಪಾಲಿಲ್ಲ.

ಏಮಿ ಶೆರಾಲ್ಡ್ ಕಪ್ಪನ್ನೂ ಬಿಟ್ಟು ಚರ್ಮಕ್ಕೆ ಬೂದು ಬಣ್ಣ ಹಚ್ಚುತ್ತಾರೆ. ಹಳೆಯ ಕಪ್ಪು-ಬಿಳುಪು ಕುಟುಂಬ ಫೋಟೋಗಳಿಂದ ಬಂದ ಬೂದು ಅದು. ಮೈಬಣ್ಣಕ್ಕೆ ಮುಂಚೆ ಮನುಷ್ಯ ಕಾಣಲಿ ಎಂಬುದು ಉದ್ದೇಶ. 2018ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ ಅವರು ಬರೆದ ಮಿಶೆಲ್ ಒಬಾಮಾ ಚಿತ್ರವೂ ಕೆಹಿಂಡೆ ವೈಲಿ ಬರೆದ ಬರಾಕ್ ಒಬಾಮಾ ಚಿತ್ರವೂ ಒಂದೇ ದಿನ ಅನಾವರಣಗೊಂಡವು. ಬಿಳಿಯ ತಾಯಿಯ ಮಗನಾದ ಬರಾಕ್ 2010ರ ಜನಗಣತಿಯಲ್ಲಿ, ಹಲವು ಆಯ್ಕೆಗಳಿದ್ದರೂ, ಕಪ್ಪು ಎಂಬ ಒಂದೇ ಚೌಕಕ್ಕೆ ಗುರುತು ಹಾಕಿದ್ದರು. ಪೈಪರ್ ಬಿಟ್ಟುಕೊಟ್ಟ ಗುರುತನ್ನು ಅವರು ಆಯ್ದುಕೊಂಡರು. ಬರೆದುಕೊಂಡ ಕೈ ಎರಡೂ ಸಲ ಸ್ವಂತದ್ದು.

ಅದೇ ಗ್ಯಾಲರಿಯಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಶೆರಾಲ್ಡ್ ಅವರ ‘ಅಮೆರಿಕನ್ ಸಬ್ಲೈಮ್’ ಪ್ರದರ್ಶನ ಆರಂಭವಾಗಬೇಕಿತ್ತು. ಲಿಬರ್ಟಿ ಪ್ರತಿಮೆಯ ಭಂಗಿಯಲ್ಲಿ ನಿಂತ ಕಪ್ಪು ಟ್ರಾನ್ಸ್ ಮಹಿಳೆಯ ಚಿತ್ರ ಅದರಲ್ಲಿತ್ತು. ಆ ಚಿತ್ರದ ಬಗ್ಗೆ ಸಂಸ್ಥೆಯೊಳಗೆ ಆತಂಕವಿದೆ ಎಂದು ತಿಳಿದ ಶೆರಾಲ್ಡ್ ಜುಲೈನಲ್ಲಿ ಇಡೀ ಪ್ರದರ್ಶನವನ್ನೇ ಹಿಂತೆಗೆದುಕೊಂಡರು. ನವೆಂಬರ್‌ನಲ್ಲಿ ಅದು ಬಾಲ್ಟಿಮೋರ್ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿ, ಅವರು ಓದಿ, ಬಹುಕಾಲ ನೆಲೆಸಿದ್ದ ಊರಿನಲ್ಲಿ, ಆ ಚಿತ್ರದೊಂದಿಗೇ ತೆರೆದುಕೊಂಡಿತು.