ಕ್ರೈಸ್ತ ಸಭಾಪಾಲಕರ ಆತ್ಮರಕ್ಷಣೆ: ಎರಡು ಲ್ಯಾಟಿನ್ ಗ್ರಂಥಗಳು

ಲ್ಯಾಟಿನ್ ಭಾಷೆಯಲ್ಲಿ ‘ಪಾಸ್ತೋರ್’ ಎಂದರೆ ಕುರಿಗಾಹಿ. ಕ್ರೈಸ್ತಸಭೆಯ ಗುರುವಿಗೆ ಈ ಹೆಸರು ಸಂದುದರಿಂದ ಮಂದೆಯ ರಕ್ಷಣೆಯ ವಿಚಾರವು ಆ ಮತದ ಗ್ರಂಥಗಳಲ್ಲಿ ವಿಪುಲವಾಗಿ ಬಂದಿರುವುದು ಸಹಜವೇ. ಆದರೆ ಗಾಹಿಯೇ ಬಳಲಿ ಕುಸಿದರೆ ಅಥವಾ ಶೀಲದಿಂದ ಜಾರಿದರೆ ಮಾಡುವುದೇನು? ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಎರಡು ಗ್ರಂಥಗಳನ್ನು ಇಲ್ಲಿ ಪರಿಶೀಲಿಸಿದೆ.

ಮೊದಲನೆಯದು ಪೋಪ್ ಒಂದನೆಯ ಗ್ರೆಗೊರಿಯ ‘ರೆಗುಲಾ ಪಾಸ್ತೊರಾಲಿಸ್’, ಎಂದರೆ ಪಾಲಕನಿಯಮ. ಗ್ರೆಗೊರಿಯು ರೋಮ್ ನಗರದ ಅಧಿಕಾರಿಯಾಗಿದ್ದು, ಆ ಪದವಿಯನ್ನು ತೊರೆದು ತನ್ನ ಮನೆಯನ್ನೇ ಮಠವನ್ನಾಗಿ ಮಾಡಿಕೊಂಡವನು. 590ರಲ್ಲಿ ಎರಡನೆಯ ಪೆಲಾಜಿಯಸನು ಪ್ಲೇಗಿನಿಂದ ಮಡಿಯಲು ಆ ಪೀಠಕ್ಕೆ ಇವನೇ ಆರಿಸಲ್ಪಟ್ಟನು. ಇವನು ತಪ್ಪಿಸಿಕೊಳ್ಳಲೆಳಸಿದುದನ್ನು ರಾವೆನ್ನಾದ ಬಿಷಪ್ ಯೋಹಾನನು ಆಕ್ಷೇಪಿಸಲಾಗಿ, ಅದಕ್ಕೆ ಉತ್ತರರೂಪವಾಗಿ ಈ ಗ್ರಂಥವು ಹುಟ್ಟಿತು.

ಇದರ ನಾಲ್ಕು ಭಾಗಗಳಲ್ಲಿ ಮೂರನೆಯದು ಬಹಳ ದೊಡ್ಡದು. ಧನಿಕನಿಗೊಂದು ಬಗೆ, ಬಡವನಿಗೊಂದು ಬಗೆ ಎಂದು ಬೋಧನಾಕ್ರಮವನ್ನು ವಿವರಿಸುತ್ತದೆ. ಅಧಿಕಾರಿಭೇದವನ್ನು ಬಲ್ಲ ನಮ್ಮವರಿಗೆ ಇದು ಹೊಸದೆನಿಸದು. ಪ್ರಕೃತಕ್ಕೆ ಮುಖ್ಯವಾದುದು ಎರಡನೆಯ ಭಾಗ. ಸೊಲೊಮೋನನ ದೇವಾಲಯದಲ್ಲಿ ಹನ್ನೆರಡು ಎತ್ತುಗಳ ಮೇಲೆ ನಿಂತ ಕಂಚಿನ ತೊಟ್ಟಿಯೊಂದಿತ್ತು. ಒಳಹೋಗುವವರು ಅದರಲ್ಲಿ ಕೈತೊಳೆಯುವರು. ಅವರ ಕೊಳೆಯು ನೀರಿಗಿಳಿಯುವುದು. ಹಾಗೆಯೇ ಪರರ ಪಾಪಪ್ರಲೋಭನೆಗಳನ್ನು ಕೇಳುತ್ತ ಕೇಳುತ್ತ ಗುರುವಿನ ಮನಸ್ಸೇ ಅವುಗಳಿಂದ ಕದಡುವುದೆಂದು ಗ್ರೆಗೊರಿಯು ಹೇಳುತ್ತಾನೆ. ಮಠವನ್ನೂ ಪೀಠವನ್ನೂ ಎರಡನ್ನೂ ಕಂಡವನ ಮಾತಿದು. ಆದರೆ ಪರರಿಗಾಗಿ ಮರುಗುವವನನ್ನು ದೇವರೇ ಬಿಡಿಸುವನೆಂದು ಅವನು ಕೂಡಲೆ ಹೇಳುವ ಸಮಾಧಾನವು ಅವಸರದ್ದೆಂದೇ ತೋರುವುದು. ಹೊರಗಣ ಕಾರ್ಯಭಾರದಿಂದ ಅಂತರಂಗದ ಚಿಂತನೆ ಕುಗ್ಗಬಾರದು, ಚಿಂತನೆಯ ನೆಪದಿಂದ ಕಾರ್ಯವನ್ನು ಕೈಬಿಡಲೂ ಬಾರದು ಎಂದು ಮುಂದೆ ಹೇಳಿರುವುದೇ ಹೆಚ್ಚು ಉಪಯುಕ್ತವಾದುದು. ನಾಲ್ಕನೆಯ ಭಾಗವು ಒಂದೇ ಅಧ್ಯಾಯ. ಚೆನ್ನಾಗಿ ಬೋಧಿಸಿದ ಮೇಲೆ ಹುಟ್ಟುವ ಗರ್ವಕ್ಕೆ ಮದ್ದು. ಒಂಬತ್ತನೆಯ ಶತಮಾನದ ಕೊನೆಯಲ್ಲಿ ವೆಸೆಕ್ಸಿನ ರಾಜ ಆಲ್‌ಫ್ರೆಡನು ಈ ಗ್ರಂಥವನ್ನು ಹಳೆಯ ಇಂಗ್ಲಿಷಿಗೆ ತಂದು ತನ್ನ ಬಿಷಪ್ಪರಿಗೆ ಕಳುಹಿಸಿದನು.

ಎರಡನೆಯದು ಕ್ಲೇರ್ವೋ ಮಠದ ಬರ್ನಾರ್ಡನ ‘ದೆ ಕೊನ್ಸಿದೆರಾತಿಯೋನೆ’. ಈ ಹೆಸರಿಗೆ ನಮ್ಮ ‘ಮನನ’ವು ಸಮೀಪದ ಶಬ್ದ. ಬರ್ನಾರ್ಡನ ಮಠದಲ್ಲಿ ಸಂನ್ಯಾಸಿಯಾಗಿದ್ದವನೇ 1145ರಲ್ಲಿ ಮೂರನೆಯ ಯೂಜೀನಿಯಸನೆಂಬ ಹೆಸರಿನಿಂದ ಪೋಪಾದನು. ಬೆಳಗಿನಿಂದ ಬೈಗಿನವರೆಗೆ ಅವನಿಗೆ ವ್ಯಾಜ್ಯಗಳನ್ನು ಕೇಳುವುದೇ ಕೆಲಸವಾಯಿತು. ಗುರುವು ಮರುಕಗೊಂಡು ಶಿಷ್ಯನಿಗಾಗಿ ಐದು ಪುಸ್ತಕಗಳನ್ನು ಬರೆದನು. ಹೊರೆಯು ಮೊದಲು ತಾಳಲಾಗದು, ರೂಢಿಯಾದರೆ ಅಷ್ಟು ಭಾರವೆನಿಸದು, ಬಳಿಕ ಹಗುರವಾಗುವುದು, ಬಳಿಕ ಇರುವುದೇ ತಿಳಿಯದು, ಕಡೆಗೆ ಅದೇ ರುಚಿಸುವುದು. ಹೃದಯವು ಕಲ್ಲಾಗುವ ಬಗೆಯನ್ನು ಮೊದಲನೆಯ ಪುಸ್ತಕದಲ್ಲಿ ಹೀಗೆ ನಿರೂಪಿಸಿದೆ. ಗೀತೆಯ ಎರಡನೆಯ ಅಧ್ಯಾಯದಲ್ಲಿ ವಿಷಯಧ್ಯಾನದಿಂದ ಬುದ್ಧಿನಾಶದವರೆಗೆ ಇಳಿಯುವ ಮೆಟ್ಟಿಲುಗಳು ಇಲ್ಲಿ ನೆನಪಿಗೆ ಬಾರದಿರವು. ಆದರೆ ಭೇದವುಂಟು: ಅಲ್ಲಿ ಪತನಕ್ಕೆ ಮೂಲವು ವಿಷಯಸಂಗ, ಇಲ್ಲಿ ಕರ್ತವ್ಯವೇ. ಶ್ರಮದ ನೋವು ಇರುವವರೆಗೆ ಬರ್ನಾರ್ಡನಿಗೆ ಭಯವಿಲ್ಲ. ನೋವು ನಿಂತುದೇ ಅವನಿಗೆ ರೋಗಲಕ್ಷಣ. ಈ ಸೂಕ್ಷ್ಮವು ಗ್ರೆಗೊರಿಯಲ್ಲಿ ಇಷ್ಟು ಸ್ಪಷ್ಟವಾಗಿಲ್ಲ.

ಅವನು ಹೇಳುವ ಉಪಾಯವೂ ಲೋಕಜ್ಞನದೇ. ಅನಾಥರ, ವಿಧವೆಯರ ಮೊರೆಯನ್ನು ಕೇಳಬೇಕು. ಹಲವು ವ್ಯಾಜ್ಯಗಳನ್ನು ಇತರರಿಗೆ ಒಪ್ಪಿಸಬೇಕು. ಮನನಕ್ಕೆ ಹೊತ್ತನ್ನು ಮೀಸಲಿಡಬೇಕು. ಎಲ್ಲರೂ ನೀರು ಸೇದುವ ಬಾವಿಯು ತಾನಾಗಿರುವಾಗ, ಆ ಎಲ್ಲರೊಡನೆ ತಾನೂ ಅದರಲ್ಲಿ ಕುಡಿಯಬೇಕು.

1153ರ ಜುಲೈಯಲ್ಲಿ ಶಿಷ್ಯನೂ ಆಗಸ್ಟಿನಲ್ಲಿ ಗುರುವೂ ತೀರಿಕೊಂಡರು. ರೋಮಿನ ಪೀಠಕ್ಕೆ ಬರುವ ವ್ಯಾಜ್ಯಗಳು ಮುಂದಿನ ಶತಮಾನದಲ್ಲಿ ಇನ್ನೂ ಹೆಚ್ಚಿದುವು.