ಪ್ರಾಚೀನ ಸಂಸ್ಕೃತಿಗಳಲ್ಲಿ ತಾವರೆ

ತಾವರೆಯು (ಕಮಲ, ಪದ್ಮ, ಪಂಕಜ) ಪ್ರಾಚೀನ ಭಾರತದ ಧರ್ಮ ಮತ್ತು ಕಲೆಗಳಲ್ಲಿ ಪವಿತ್ರವೆನಿಸಿದ ಜಲಪುಷ್ಪ. ಈಜಿಪ್ಟಿನವರೂ ಇದನ್ನೇ ಪೂಜ್ಯವೆಂದು ಭಾವಿಸಿದ್ದರೆಂದು ಅನೇಕ ಪುಸ್ತಕಗಳು ಹೇಳುತ್ತವೆ. ಅದು ಪೂರ್ಣ ಸರಿಯಲ್ಲ. ಇಂಗ್ಲಿಷಿನ ‘ಲೋಟಸ್’ ಎಂಬ ಒಂದೇ ಹೆಸರು ಎರಡು ಬೇರೆ ಸಸ್ಯಗಳಿಗೆ ಸಲ್ಲುತ್ತದೆ. ಭಾರತದ್ದು ತಾವರೆ (ನೆಲುಂಬೊ ನ್ಯೂಸಿಫೆರ), ಪ್ರಾಚೀನ ಈಜಿಪ್ಟಿನದು ನೈದಿಲೆ (ನಿಂಫಿಯ). ಕನ್ನಡದಲ್ಲಿ ಇವೆರಡಕ್ಕೂ ಪ್ರತ್ಯೇಕ ಹೆಸರುಗಳಿದ್ದರೂ ಇಂಗ್ಲಿಷ್ ಗ್ರಂಥಗಳನ್ನು ಆಧರಿಸಿದ ಬರಹಗಳಲ್ಲಿ ಎರಡನ್ನೂ ಕಮಲವೆಂದೇ ಬರೆಯುವುದುಂಟು. ಎರಡು ನಾಡುಗಳ ಸಂಕೇತಾರ್ಥಗಳು ಭಿನ್ನವಾಗಿರುವುದಕ್ಕೆ ಈ ಸಸ್ಯಭೇದವೂ ಒಂದು ಕಾರಣ.

ಸಸ್ಯಗಳ ವ್ಯತ್ಯಾಸ

ನೈದಿಲೆಯ ಎಲೆಗೆ ಒಂದು ಕಡೆ ಸೀಳಿರುತ್ತದೆ. ಅದು ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತದೆ. ತಾವರೆಯ ಬಲಿತ ಎಲೆ ದುಂಡಗಿದ್ದು, ದಂಟಿನ ಮೇಲೆ ನೀರಿನಿಂದ ಎದ್ದು ನಿಲ್ಲುತ್ತದೆ. ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಮೇಣದ ಲೇಪವೂ ಇರುವುದರಿಂದ ಬಿದ್ದ ನೀರು ಹನಿಗಟ್ಟಿ, ಧೂಳನ್ನೂ ಕೊಂಡು ಉರುಳಿಹೋಗುತ್ತದೆ. ನೋಟಕ್ಕೆ ಸೋದರರಂತಿದ್ದರೂ ಸಸ್ಯವರ್ಗೀಕರಣದಲ್ಲಿ ಇವು ಬಹುದೂರದ ಕುಲಗಳು.

ಈಜಿಪ್ಟ್

ನೈಲ್ ನದಿಯ ನೀಲಿ ನೈದಿಲೆ ಬೆಳಿಗ್ಗೆ ಅರಳಿ ಹಗಲಿನಲ್ಲೇ ಮುಚ್ಚಿಕೊಂಡು, ಮರುದಿನ ಮತ್ತೆ ಅರಳುತ್ತದೆ. ನೈದಿಲೆಯೆಂದರೆ ಚಂದ್ರನ ಹೂವೆಂಬ ಕಾವ್ಯಸಂಪ್ರದಾಯಕ್ಕೆ ಒಗ್ಗಿದ ಕನ್ನಡ ಓದುಗರಿಗೆ ಇದು ತುಸು ವಿಚಿತ್ರವಾಗಿ ಕಾಣಬಹುದು. ಅಲ್ಲಿಯೂ ಬಿಳಿಯ ನೈದಿಲೆ ರಾತ್ರಿಯೇ ಅರಳುತ್ತದೆ. ಆದಿಜಲದಿಂದ ಮೇಲೆದ್ದ ಹೂವಿನೊಳಗಿಂದ ಸೂರ್ಯನು ಶಿಶುವಾಗಿ ಹುಟ್ಟಿದನೆಂಬುದು ಈಜಿಪ್ಟಿನ ಸೃಷ್ಟಿಕಥೆಗಳಲ್ಲಿ ಒಂದು. ನೆಫರ್ತೆಮ್ ದೇವತೆಯ ತಲೆಯ ಮೇಲೆ ಈ ಹೂವಿದೆ. ಹೀಗೆ ಅದು ಪುನರ್ಜನ್ಮದ ಸಂಕೇತವಾಯಿತು. ‘ಸತ್ತವರ ಪುಸ್ತಕ’ದ 81ನೆಯ ಮಂತ್ರ ಮೃತನು ಈ ಹೂವಾಗಿ ಮಾರ್ಪಡುವುದಕ್ಕೆಂದೇ ಮೀಸಲು. 1922ರಲ್ಲಿ ಪತ್ತೆಯಾದ ತೂತಾಂಖಾಮನ್ ಸಮಾಧಿಯಲ್ಲಿ ದೊರೆತ ಬಣ್ಣದ ಮರದ ಶಿಲ್ಪವೊಂದರಲ್ಲಿ ಬಾಲರಾಜನ ತಲೆ ಅರಳಿದ ಹೂವಿನಿಂದ ಹೊರಬರುತ್ತಿದೆ.

ಚಿತ್ರಲಿಪಿಯಲ್ಲಿ ನೈದಿಲೆಯ ಗಿಡ 1000 ಎಂಬ ಸಂಖ್ಯೆಯನ್ನೂ ಸೂಚಿಸುತ್ತಿತ್ತು.

ಪರ್ಷಿಯ ಮತ್ತು ಗ್ರೀಸ್

ಪರ್ಸೆಪೊಲಿಸ್ ಅರಮನೆಯ ಉಬ್ಬುಶಿಲ್ಪಗಳಲ್ಲಿ ದೊರೆಯ ಕೈಯಲ್ಲಿರುವ ಇಂಥ ಹೂವು ರಾಜಲಾಂಛನ. ಈಜಿಪ್ಟಿಗೆ ನಿಜವಾದ ತಾವರೆ ಬಂದದ್ದು ಪರ್ಷಿಯನ್ನರ ಆಳ್ವಿಕೆಯ ಸುಮಾರಿಗೆ. ಕ್ರಿ.ಪೂ. 5ನೆಯ ಶತಮಾನದ ಹೆರೊಡೊಟಸ್ ನೈಲ್ ನದಿಯ ‘ಲೋಟಸ್’ ಅನ್ನು ವರ್ಣಿಸಿ, ಕಣಜದ ಗೂಡಿನಂಥ ಕಾಯಿಯುಳ್ಳ ಮತ್ತೊಂದು ಹೂವನ್ನು ಬೇರೆಯಾಗಿಯೇ ಹೇಳುತ್ತಾನೆ. ತಾವರೆಯ ಕರ್ಣಿಕೆಯನ್ನು ಕಂಡವರಿಗೆ ಅದು ಯಾವ ಹೂವೆಂದು ವಿವರಿಸಬೇಕಿಲ್ಲ. ಹೋಮರನ ‘ಒಡಿಸ್ಸಿ’ಯಲ್ಲಿ ತಿಂದವರಿಗೆ ಮನೆಯನ್ನು ಮರೆಸುವ ‘ಲೋಟಸ್’ ಬಹುಶಃ ಇವೆರಡೂ ಅಲ್ಲ; ಅದನ್ನು ಬೋರೆಯ ಜಾತಿಯ ಹಣ್ಣೆಂದು ಗುರುತಿಸುವವರಿದ್ದಾರೆ.

ಭಾರತ

ಋಗ್ವೇದದಲ್ಲಿ ಪುಷ್ಕರ, ಪುಂಡರೀಕ ಎಂಬ ಹೆಸರುಗಳು ಬರುತ್ತವೆ. ಭಾರತದಲ್ಲಿಯೂ ಹೂವಿಗೆ ಸೃಷ್ಟಿಯ ಅರ್ಥವುಂಟು: ವಿಷ್ಣುವಿನ ನಾಭಿಕಮಲದಲ್ಲಿ ಬ್ರಹ್ಮನು ಹುಟ್ಟುತ್ತಾನೆ. ಆದರೆ ಇಲ್ಲಿ ಹೆಚ್ಚು ಬಲವಾಗಿ ಬೆಳೆದದ್ದು ನಿರ್ಲೇಪತೆಯ ಅರ್ಥ. ಭಗವದ್ಗೀತೆಯ 5ನೆಯ ಅಧ್ಯಾಯವು ಫಲಾಸಕ್ತಿಯಿಲ್ಲದೆ ಕರ್ಮ ಮಾಡುವವನನ್ನು ನೀರು ಅಂಟದ ತಾವರೆಗೆ ಹೋಲಿಸುತ್ತದೆ. ಅಲ್ಲಿನ ಉಪಮಾನ ಹೂವಲ್ಲ, ಎಲೆ ಎಂಬುದು ಗಮನಾರ್ಹ. ಬೌದ್ಧ ಗ್ರಂಥಗಳು ಕೆಸರುನೀರಿನಲ್ಲಿ ಹುಟ್ಟಿಯೂ ಅದರಿಂದ ಮೇಲೆದ್ದು ನಿಂತ ಹೂವನ್ನು ಬುದ್ಧನಿಗೆ ಹೋಲಿಸುತ್ತವೆ. ತೇಲುವ ಎಲೆಯ ನೈದಿಲೆಯಿಂದ ಈ ಉಪಮೆಗಳು ಹುಟ್ಟುವುದು ಕಷ್ಟ. ಜೈನರಲ್ಲಿ ಕೆಂದಾವರೆಯು 6ನೆಯ ತೀರ್ಥಂಕರನಾದ ಪದ್ಮಪ್ರಭನ ಲಾಂಛನ.

ಸಾಂಚಿಯ ತೋರಣಗಳಲ್ಲಿ ತಾವರೆಯ ಮೇಲಿರುವ ಸ್ತ್ರೀಗೆ ಎರಡು ಆನೆಗಳು ನೀರೆರೆಯುತ್ತಿವೆ. ಸಮೃದ್ಧಿಯ ಸಂಕೇತವಾದ ಇದೇ ಗಜಲಕ್ಷ್ಮಿಯ ರೂಪ ಕರ್ನಾಟಕದ ಕಲ್ಯಾಣ ಚಾಲುಕ್ಯರ ಕಾಲದ ಅನೇಕ ದೇಗುಲಗಳ ಬಾಗಿಲವಾಡದ ಲಲಾಟಬಿಂಬದಲ್ಲಿ ಕಾಣುತ್ತದೆ.