ಮೂರಕ್ಷರದ ಬೇರು, ಮನೆ ತುಂಬ ಮಾತು

1882ರಲ್ಲಿ ಜೆರುಸಲೆಮ್‌ನ ಒಂದು ಮನೆಯಲ್ಲಿ ಗಂಡುಮಗು ಹುಟ್ಟಿತು. ಅದರ ಕಿವಿಗೆ ಹೀಬ್ರೂ ಬಿಟ್ಟು ಬೇರಾವ ಭಾಷೆಯೂ ಬೀಳಕೂಡದೆಂದು ತಂದೆ ಎಲಿಯೇಜರ್ ಬೆನ್ ಯೆಹೂದಾ ಕಟ್ಟಪ್ಪಣೆ ಮಾಡಿದ್ದ. ಬೇರೆ ಭಾಷೆಯಾಡುವ ನೆರೆಹೊರೆಯ ಮಕ್ಕಳೊಡನೆ ಆಟವಿಲ್ಲ. ತಾಯಿ ದೆವೋರಾ ಒಮ್ಮೆ ಮೈಮರೆತು ರಷ್ಯನ್ ಜೋಗುಳ ಹಾಡಿದಾಗ ಮನೆಯಲ್ಲಿ ದೊಡ್ಡ ರಂಪವೇ ಆಯಿತಂತೆ. ಮುಂದೆ ಇತಮಾರ್ ಬೆನ್ ಅವಿ ಎಂಬ ಹೆಸರಿನಲ್ಲಿ ಪತ್ರಕರ್ತನಾದ ಆ ಮಗನೇ ಈ ಒಂಟಿ ಬಾಲ್ಯದ ಕಥೆಯನ್ನು ಹೇಳಿದ್ದಾನೆ.

ಹೀಬ್ರೂ ಆಗ ಸತ್ತ ಭಾಷೆಯೇನೂ ಆಗಿರಲಿಲ್ಲ. ಪ್ರಾರ್ಥನೆ, ಧರ್ಮಶಾಸ್ತ್ರ, ಕಾವ್ಯ, ಪತ್ರವ್ಯವಹಾರಗಳಲ್ಲಿ ಬದುಕಿತ್ತು. ಆದರೆ ಸುಮಾರು 1,700 ವರ್ಷಗಳಿಂದ ಅದು ಯಾರಿಗೂ ಮನೆಮಾತಾಗಿರಲಿಲ್ಲ. ಪ್ರವಾದಿಗಳ ಭಾಷೆಯಲ್ಲಿ ದೇವರನ್ನು ಕರೆಯಬಹುದಿತ್ತು. ಮಗುವಿಗೆ ಗೊಂಬೆ ಕೊಡಲು, ಟವೆಲು ತರಲು ಹೇಳಬೇಕಾದರೆ ಪದವೇ ಇರಲಿಲ್ಲ. ಈ ಕೊರತೆ ತುಂಬಲು ಬೆನ್ ಯೆಹೂದಾ ಮೊರೆಹೊಕ್ಕಿದ್ದು ಭಾಷೆಯೊಳಗೇ ಇದ್ದ ಹಳೆಯ ಬೇರುಗಳಿಗೆ.

ಬೇರು ಎಂದರೇನು?

ಕನ್ನಡದಲ್ಲಿ ‘ಆಡು’ವಿನಿಂದ ಆಟ, ‘ನೋಡು’ವಿನಿಂದ ನೋಟ, ‘ಓಡು’ವಿನಿಂದ ಓಟ ಹುಟ್ಟುತ್ತವೆ. ಧಾತು ಮೊದಲು, ಪ್ರತ್ಯಯ ಕೊನೆಗೆ. ಹೀಬ್ರೂವಿನ ರೀತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳೇ ಧಾತು. ಅವುಗಳ ನಡುವೆ ಸ್ವರಗಳು ಬದಲಾಗುತ್ತವೆ, ಹಿಂದೆ ಮುಂದೆ ಅಕ್ಷರಗಳು ಸೇರುತ್ತವೆ. ಮೂರು ವ್ಯಂಜನಗಳು ಮಾತ್ರ ಮಣಿಸರದ ದಾರದಂತೆ ಉಳಿಯುತ್ತವೆ.

ಕ್-ತ್-ವ್ ಎಂಬ ಧಾತುವನ್ನೇ ನೋಡಿ. ‘ಕತವ್’ ಎಂದರೆ ಬರೆದನು. ‘ಮಿಖ್ತವ್’ ಎಂದರೆ ಪತ್ರ, ‘ಕ್ತೋವೆತ್’ ಎಂದರೆ ವಿಳಾಸ. ಪತ್ರಿಕೆಯ ವರದಿ ‘ಕತವಾ’, ವರದಿಗಾರ ‘ಕತವ್’. ಸ್-ಪ್-ರ್ ಧಾತುವಿನಿಂದ ಪುಸ್ತಕ (ಸೆಫೆರ್), ಕಥೆ (ಸಿಪುರ್), ಸಾಹಿತಿ (ಸೊಫೆರ್), ಸಂಖ್ಯೆ (ಮಿಸ್ಪಾರ್), ಗ್ರಂಥಾಲಯ (ಸಿಫ್ರಿಯಾ) ಬಂದಿವೆ. ಒಂದು ಬೇರನ್ನು ಕಲಿತವನಿಗೆ ಐದಾರು ಪದಗಳು ಒಟ್ಟಿಗೆ ದಕ್ಕುತ್ತವೆ. ಹೀಬ್ರೂ ಬರಹದಲ್ಲಿ ಸಾಮಾನ್ಯವಾಗಿ ಸ್ವರಚಿಹ್ನೆಗಳನ್ನು ಹಾಕುವುದಿಲ್ಲವಾದ್ದರಿಂದ ಈ ವ್ಯಂಜನಗಳ ಮೇಲೆಯೇ ಕಣ್ಣು ಬೀಳುತ್ತದೆ.

ಈ ಗುಟ್ಟನ್ನು ಶಾಸ್ತ್ರವಾಗಿ ಬಿಡಿಸಿದವನು 10ನೇ ಶತಮಾನದಲ್ಲಿ ಸ್ಪೇನ್‌ನ ಕಾರ್ಡೋಬಾದಲ್ಲಿದ್ದ ಯೆಹೂದಾ ಹಯ್ಯೂಜ್. ಅರಬ್ಬಿ ವೈಯಾಕರಣರಿಂದ ಕಲಿತ ಆತ, ಅಕ್ಷರ ಕಡಮೆ ಕಾಣುವ ಹೀಬ್ರೂ ಕ್ರಿಯಾಪದಗಳಲ್ಲಿಯೂ ಮೂರು ವ್ಯಂಜನಗಳ ಧಾತುವೇ ಅಡಗಿದೆ ಎಂದು ತೋರಿಸಿಕೊಟ್ಟ. ಎರಡೂ ಸೋದರ ಭಾಷೆಗಳು. ಫಾರಸಿ, ಉರ್ದುಗಳ ಮೂಲಕ ಕನ್ನಡಕ್ಕೆ ಬಂದ ‘ಕಿತಾಬು’ ಅರಬ್ಬಿಯ ಪದ, ‘ಮಿಖ್ತವ್’ಗೆ ದಾಯಾದಿ. ‘ಸಲಾಮು’ವಿನ ದಾಯಾದಿ ‘ಶಾಲೋಮ್’. ‘ಹಿಸಾಬು’ವಿನ ದಾಯಾದಿ ‘ಖೆಶ್ಬೋನ್’, ಅಂದರೆ ಲೆಕ್ಕ. ಯೋಚಿಸು, ಎಣಿಸು ಎಂಬರ್ಥದ ಆ ಧಾತುವಿನಿಂದಲೇ ಕಂಪ್ಯೂಟರಿಗೆ ‘ಮಖ್ಶೇವ್’ ಎಂಬ ಹೆಸರು ಬಂತು.

ಬೆನ್ ಯೆಹೂದಾ ಈ ಹಾದಿಯಲ್ಲೇ ನಡೆದ. ‘ಮಿಲಾ’ (ಪದ) ಎಂಬುದರಿಂದ ‘ಮಿಲೋನ್’ (ನಿಘಂಟು) ಮಾಡಿದ. ಒಣಗುವುದು ಎಂಬರ್ಥದ ಧಾತುವಿನಿಂದ ಟವೆಲಿಗೆ ‘ಮಗೆವೆತ್’ ಎಂದ. ದಕ್ಷಿಣದ ನೆಗೆವ್ ಮರುಭೂಮಿಯ ಹೆಸರಿನಲ್ಲಿರುವುದೂ ಅದೇ ಧಾತು.

ಜನರ ತೀರ್ಪು

ಟಂಕಿಸಿದ್ದೆಲ್ಲ ಚಲಾವಣೆಗೆ ಬರಲಿಲ್ಲ. ಟೊಮೆಟೊಗೆ ಯೆಹಿಯೆಲ್ ಮಿಖೆಲ್ ಪೀನೆಸ್ ‘ಅಗ್ವಾನಿಯಾ’ ಎಂಬ ಪದ ಕಟ್ಟಿದ. ಅದರ ಧಾತುವಿಗೆ ಕಾಮದ ಅರ್ಥವಿದ್ದುದರಿಂದ ಬೆನ್ ಯೆಹೂದಾ ಮೂಗು ಮುರಿದು, ಅರಬ್ಬಿಯಿಂದ ‘ಬದುರಾ’ ತಂದ. ಮಾರುಕಟ್ಟೆಯಲ್ಲಿ ಗೆದ್ದದ್ದು ಅಗ್ವಾನಿಯಾ! ಇನ್ನು ಧರ್ಮನಿಷ್ಠರಿಗೆ ದೇವಭಾಷೆ ಬೀದಿಪಾಲಾಗುವುದೇ ಸಹಿಸಲಿಲ್ಲ. ಜೆರುಸಲೆಮ್‌ನ ಸಂಪ್ರದಾಯವಾದಿಗಳು ಆತನಿಗೆ ಬಹಿಷ್ಕಾರ ಹಾಕಿದರು. ದೆವೋರಾ 1891ರಲ್ಲಿ ಕ್ಷಯದಿಂದ ತೀರಿಕೊಂಡಳು. 1922ರಲ್ಲಿ ಬ್ರಿಟಿಷ್ ಆಡಳಿತ ಇಂಗ್ಲಿಷ್, ಅರಬ್ಬಿಗಳ ಜತೆ ಹೀಬ್ರೂವಿಗೂ ಅಧಿಕೃತ ಸ್ಥಾನ ಕೊಟ್ಟಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆನ್ ಯೆಹೂದಾ ಕಣ್ಮುಚ್ಚಿದ. ಆತನ ಮಹಾನಿಘಂಟು ಪೂರ್ಣಗೊಂಡದ್ದು 1959ರಲ್ಲಿ.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಮೂರೇ ವರ್ಷಗಳಲ್ಲಿ ಅಲ್ಲಿನ ಯೆಹೂದಿ ಜನಸಂಖ್ಯೆ ಇಮ್ಮಡಿಯಾಯಿತು. ಬಂದವರ ಬಾಯಲ್ಲಿ ಯಿದ್ದಿಷ್, ಅರಬ್ಬಿ, ರುಮೇನಿಯನ್ ಇದ್ದವು. ಭಾರತದಿಂದ ಹೋದವರ ಮನೆಮಾತು ಮರಾಠಿ, ಮಲಯಾಳಂ. ಇವರಿಗೆಂದು 1949ರಲ್ಲಿ ಜೆರುಸಲೆಮ್‌ನಲ್ಲಿ ಮೊದಲ ‘ಉಲ್ಪಾನ್’ ಭಾಷಾಶಾಲೆ ತೆರೆಯಿತು. ವಯಸ್ಕರು ಅಲ್ಲಿ ಕುಳಿತು ಹೀಬ್ರೂವಿನಲ್ಲೇ ಹೀಬ್ರೂ ಕಲಿತರು. ‘ತಬಾಖ್’ ಅಡುಗೆಯವನಾದರೆ ‘ಮಿತ್ಬಾಖ್’ ಅಡುಗೆಮನೆ ಎಂದು ಊಹಿಸುವಷ್ಟಾದರೆ ಅರ್ಧ ಗೆದ್ದಂತೆ. ಆದರೆ ಬೇರು ಕೆಲವೊಮ್ಮೆ ದಾರಿ ತಪ್ಪಿಸುವುದೂ ಉಂಟು. ‘ಲೆಖೆಮ್’ ಎಂದರೆ ರೊಟ್ಟಿ. ಅವೇ ಮೂರು ವ್ಯಂಜನಗಳಿರುವ ‘ಮಿಲ್ಖಮಾ’ ಎಂದರೆ ಯುದ್ಧ.

ಈ ಗೆಲುವಿಗೆ ಬೆಲೆ ತೆತ್ತವರೂ ಉಂಟು. ಅಜ್ಜಿಯ ಯಿದ್ದಿಷ್, ಲದೀನೊ, ಮರಾಠಿಗಳು ಮೊಮ್ಮಕ್ಕಳಿಗೆ ಬರದಂತಾದವು. ಜೆರುಸಲೆಮ್‌ನ ಆ ಮನೆಯಲ್ಲಿ ನಿಂತ ಜೋಗುಳ ಮುಂದೆ ಸಾವಿರಾರು ಮನೆಗಳಲ್ಲಿ ನಿಂತಿತು.

ಆದರೂ ಭಾಷೆ ಕಟ್ಟಪ್ಪಣೆಗಷ್ಟೇ ಬಗ್ಗುವಂಥದಲ್ಲ. ಟೆಲಿಫೋನಿಗೆ ‘ದೂರದ ಮಾತು’ ಎಂಬರ್ಥದ ಹೀಬ್ರೂ ಪದ ಸೂಚಿಸಿದ್ದರೂ ಜನ ಅದನ್ನು ಒಪ್ಪದೆ ‘ತೆಲೆಫೋನ್’ ಎಂದೇ ಅಂದರು. ಆಮೇಲೆ ಆ ಪರಭಾಷೆಯ ಪದದಿಂದಲೇ ತ್-ಲ್-ಫ್-ನ್ ಎಂದು ನಾಲ್ಕು ವ್ಯಂಜನ ಹೆಕ್ಕಿ ‘ತಿಲ್ಫೆನ್’, ಅಂದರೆ ಫೋನ್ ಮಾಡಿದನು, ಎಂಬ ಕ್ರಿಯಾಪದವನ್ನೂ ಮಾಡಿಕೊಂಡರು. ಹೊರಗಿನ ಪದಕ್ಕೂ ಬೇರು ಬಿಡಿಸಬಲ್ಲ ಭಾಷೆ ನಿಜಕ್ಕೂ ಮನೆಮಾತಾಗಿದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?